ಹರಿದ ಕಾಗದ, ಕೆಂಪಾದ ಅರಿಶಿನ: ಬದಲಾವಣೆಯ ಪಾಠ ಮಾಡುವ ಬಗೆ

‘ಕಾಗದ ಹರಿಯುವುದು ರಾಸಾಯನಿಕ ಬದಲಾವಣೆ. ಏಕೆಂದರೆ ಹರಿದ ಕಾಗದ ಮತ್ತೆ ಒಂದಾಗುವುದಿಲ್ಲ.’

ಒಂದು ವರ್ಷ ಏಳನೇ ತರಗತಿಯ ಉತ್ತರ ಪತ್ರಿಕೆಗಳಲ್ಲಿ ಈ ವಾಕ್ಯ ಹನ್ನೊಂದು ಕಡೆ ಸಿಕ್ಕಿತು. ಹನ್ನೊಂದು ಮಕ್ಕಳು ಒಟ್ಟಿಗೆ ಒಂದೇ ತಪ್ಪು ಮಾಡುವುದಿಲ್ಲ, ತಪ್ಪು ನನ್ನದು. ಹಿಂದಕ್ಕೆ ತರಬಹುದಾದದ್ದು ಭೌತ, ತರಲಾಗದ್ದು ರಾಸಾಯನಿಕ ಎಂದು ಕರಿಹಲಗೆಯ ಮೇಲೆ ಬರೆದು ಕೆಳಗೆ ಗೆರೆ ಎಳೆದವನು ನಾನೇ. ಅಂದಿನಿಂದ ಈ ಪಾಠವನ್ನು ಬೇರೆ ದಾರಿಯಲ್ಲಿ ಮಾಡುತ್ತಿದ್ದೇನೆ. ಮೂರು ಪೀರಿಯಡ್ ಸಾಕು, ಪ್ರಯೋಗಾಲಯ ಇಲ್ಲದಿದ್ದರೂ ನಡೆಯುತ್ತದೆ.

ಹಿಂದಿನ ದಿನವೇ ಮಾಡಿಡಬೇಕಾದ ಕೆಲಸ ಎರಡು. ಅರಿಶಿನದ ಪುಡಿಯನ್ನು ನೀರಿನಲ್ಲಿ ಕಲಸಿ ಬಿಳಿ ಕಾಗದಕ್ಕೆ ಬಳಿದು ಒಣಗಿಸಿ, ಪಟ್ಟಿಗಳಾಗಿ ಕತ್ತರಿಸಿ. ಎಲೆ ಅಡಿಕೆಗೆ ಹಾಕುವ ಸುಣ್ಣವನ್ನು ಒಂದು ಚಮಚದಷ್ಟು ಬಾಟಲಿ ನೀರಿಗೆ ಬೆರೆಸಿ ಮುಚ್ಚಿಡಿ. ಬೆಳಿಗ್ಗೆ ಮೇಲಿನ ತಿಳಿಯನ್ನು ಮಾತ್ರ ಬಸಿದುಕೊಳ್ಳಿ. ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ, ಹಾಗಾಗಿ ಈ ಕೆಲಸ ಶಿಕ್ಷಕರದ್ದೇ.

ಮೊದಲ ಹೆಜ್ಜೆ: ಪ್ರಶ್ನೆ ಬದಲಿಸಿ

ಸೀಮೆಸುಣ್ಣವೊಂದನ್ನು ಮುರಿದು, ಪುಡಿ ಮಾಡಿ ತೋರಿಸಿ. ‘ಇದು ಹಿಂದಕ್ಕೆ ಬರುತ್ತದೆಯೇ?’ ಎಂದು ಕೇಳಬೇಡಿ. ‘ಈಗ ಇಲ್ಲಿ ಇರುವುದು ಏನು?’ ಎಂದು ಕೇಳಿ. ಸೀಮೆಸುಣ್ಣವೇ ಎನ್ನುತ್ತಾರೆ. ಆ ಪುಡಿಯಲ್ಲಿ ಹಲಗೆಯ ಮೇಲೆ ಬೆರಳಿನಿಂದ ಬರೆಸಿ. ಉಪ್ಪು ನೀರನ್ನು ತಟ್ಟೆಯಲ್ಲಿ ಬಿಸಿಲಿಗಿಡಿಸಿ. ನೀರು ಆರಿದ ಮೇಲೆ ಉಳಿಯುವುದೂ ಉಪ್ಪೇ. ಇಷ್ಟಕ್ಕೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಬೇಡ.

ಎರಡನೇ ಹೆಜ್ಜೆ: ಓಕುಳಿ

ಅರಿಶಿನದ ಪಟ್ಟಿಗೆ ತಿಳಿ ಸುಣ್ಣದ ನೀರು ಒಂದು ಹನಿ ಬಿಡಿ. ಕೆಂಪಾಗುತ್ತದೆ. ‘ಸರ್, ಆರತಿ ನೀರು!’ ಎಂದು ಯಾರಾದರೂ ಕೂಗದೆ ಇರುವುದಿಲ್ಲ. ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಸುಣ್ಣದಂಥ ಪ್ರತ್ಯಾಮ್ಲದೊಡನೆ ಸೇರಿ ಬೇರೆ ರೂಪ ತಾಳಿದೆ, ಇದು ರಾಸಾಯನಿಕ ಬದಲಾವಣೆ ಎಂದು ಹೇಳಿ, ಎಲ್ಲರೂ ಬರೆದುಕೊಳ್ಳುವವರೆಗೆ ಸುಮ್ಮನಿರಿ. ಆಮೇಲೆ ಅದೇ ಕಲೆಯ ಮೇಲೆ ನಿಂಬೆರಸ ಹಿಂಡಿ. ಮತ್ತೆ ಹಳದಿ!

ಈ ಪಾಠದಲ್ಲಿ ನನಗೆ ಅತಿ ಪ್ರಿಯವಾದ ಗಳಿಗೆ ಇದು. ರಾಸಾಯನಿಕ ಬದಲಾವಣೆಯೂ ಹಿಂದಕ್ಕೆ ಬಂತು, ಹರಿದ ಕಾಗದ ಮಾತ್ರ ಬರಲೇ ಇಲ್ಲ. ಹಳೆಯ ಸೂತ್ರವನ್ನು ಟ್ಯೂಷನ್‌ನಲ್ಲಿ ಕಲಿತು ಬಂದ ಮಕ್ಕಳ ಮುಖವನ್ನು ಆಗ ನೋಡಬೇಕು. ಉತ್ತರ ಹೇಳಲು ಅವಸರ ಮಾಡಬೇಡಿ. ‘ಹೊಸ ವಸ್ತು ಆಯಿತೇ ಇಲ್ಲವೇ’ ಎಂಬ ಅಳತೆಗೋಲು ಮಕ್ಕಳ ಬಾಯಿಂದಲೇ ಬರಲಿ.

ಮೂರನೇ ಹೆಜ್ಜೆ: ಗುಳ್ಳೆಯನ್ನು ನಂಬಬೇಡಿ

ಅಡುಗೆ ಸೋಡಾಕ್ಕೆ ನಿಂಬೆರಸ ಹಾಕಿ ಜ್ವಾಲಾಮುಖಿ ಉಕ್ಕಿಸುವ ಪ್ರದರ್ಶನ ನನಗೆ ಹಿಡಿಸುವುದಿಲ್ಲ. ಚಪ್ಪಾಳೆ ಬೀಳುತ್ತದೆ, ಗುಳ್ಳೆ ಬಂದರೆ ರಾಸಾಯನಿಕ ಎಂಬ ಇನ್ನೊಂದು ತಪ್ಪು ಸೂತ್ರ ತಲೆಗೆ ಹೋಗುತ್ತದೆ. ಕುದಿಯುವ ನೀರಿನಲ್ಲೂ ಗುಳ್ಳೆ ಇದೆಯಲ್ಲ! ಅದು ಹಬೆ, ಅಂದರೆ ನೀರೇ. ಸೋಡಾದ ಗುಳ್ಳೆಯಲ್ಲಿ ಏನಿದೆ ಎಂಬುದನ್ನು ಪರೀಕ್ಷಿಸಿ ತೋರಿಸಬೇಕು. ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ ಸಣ್ಣ ಕೊಳವೆ ತೂರಿಸಿ, ಸಂದಿಗೆ ಮೇಣ ಮೆತ್ತಿ, ಇನ್ನೊಂದು ತುದಿಯನ್ನು ತಿಳಿ ಸುಣ್ಣದ ನೀರಿನಲ್ಲಿ ಮುಳುಗಿಸಿ. ನೀರು ಹಾಲಿನಂತೆ ಬೆಳ್ಳಗಾದರೆ ಬಂದ ಅನಿಲ ಇಂಗಾಲದ ಡೈಆಕ್ಸೈಡ್. ಅನಿಲ ಹೆಚ್ಚು ಹೊತ್ತು ಹಾಯ್ದರೆ ಆ ಬಿಳುಪು ಮತ್ತೆ ಕರಗಬಹುದು. ಆಗ ಗಾಬರಿಯಾಗಬೇಡಿ, ಪ್ರಯೋಗ ಕೆಟ್ಟಿಲ್ಲ. ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಹೋಗಿ ಕರಗುವ ಬೈಕಾರ್ಬೊನೇಟ್ ಆಗಿದೆ.

ನಾಲ್ಕನೇ ಹೆಜ್ಜೆ: ಮೈಲುತುತ್ತ ಮತ್ತು ಮೊಳೆ

ಅರ್ಧ ಲೋಟ ನೀರಿಗೆ ಒಂದು ಚಮಚ ಮೈಲುತುತ್ತ (ತಾಮ್ರದ ಸಲ್ಫೇಟ್). ಲೋಟ ಗಾಜಿನದ್ದಾಗಿರಲಿ. ಕಬ್ಬಿಣದ ಮೊಳೆಯನ್ನು ಉಪ್ಪು ಕಾಗದದಿಂದ ಉಜ್ಜಿ ಅದರಲ್ಲಿ ಇಳಿಬಿಡಿ. ಸತುವಿನ ಲೇಪವಿರುವ ಹೊಳೆಯುವ ಮೊಳೆ ಬೇಡ. ಅರ್ಧ ಗಂಟೆಯಲ್ಲಿ ಮೊಳೆಗೆ ಕೆಂಪು ಮಿಶ್ರಿತ ಕಂದು ಪದರ ಹತ್ತುತ್ತದೆ, ನೀಲಿ ನೀರು ನಿಧಾನವಾಗಿ ಹಸಿರಿಗೆ ತಿರುಗುತ್ತದೆ. ಕಬ್ಬಿಣ ದ್ರಾವಣಕ್ಕೆ ಇಳಿಯಿತು, ತಾಮ್ರ ಹೊರಗೆ ಬಂತು. ಮೈಲುತುತ್ತ ವಿಷ, ಕೈ ತೊಳೆಸುವುದನ್ನು ಮರೆಯಬೇಡಿ.

ಮಲೆನಾಡಿನ ಶಾಲೆಯಾದರೆ ಇಲ್ಲಿ ಅಡಿಕೆ ತೋಟವನ್ನು ತರಗತಿಗೆ ಕರೆತನ್ನಿ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಕಳೆದ ಶತಮಾನದ ಆರಂಭದಲ್ಲೇ ಕೊಳೆರೋಗವನ್ನು ಅಧ್ಯಯನ ಮಾಡಿ ಈ ಸಿಂಪಡಣೆಯನ್ನು ಹೇಳಿಕೊಟ್ಟವರು. ದ್ರಾವಣ ಹದಕ್ಕೆ ಬಂದಿದೆಯೇ ಎಂದು ತಿಳಿಯಲು ರೈತರು ಕತ್ತಿಯ ಅಲಗನ್ನು ಅದ್ದಿ ನೋಡುತ್ತಾರೆ. ಅಲಗು ಕೆಂಪಗಾದರೆ ಸುಣ್ಣ ಸಾಲದು. ಮೊಳೆಯ ಪ್ರಯೋಗವೇ ಅದು! ಅಪ್ಪನ ಜೊತೆ ಔಷಧಿ ಕಲಸಲು ನಿಂತಿದ್ದ ಹುಡುಗನಿಗೆ ಇದನ್ನು ವಿವರಿಸಲು ಬಿಡಿ, ನೀವು ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ.

ಕೊನೆಗೆ: ಇಡ್ಲಿ

ಮೇಣದ ಬತ್ತಿಯಲ್ಲಿ ಎರಡೂ ಇವೆ (ಕರಗುವುದು ಭೌತ, ಉರಿಯುವುದು ರಾಸಾಯನಿಕ). ಇದು ಎಲ್ಲರಿಗೂ ಗೊತ್ತಿರುವ ಉದಾಹರಣೆ, ಬೇಗ ದಾಟಿ. ಪರೀಕ್ಷೆಗೆ ವಿಂಗಡಿಸುವ ಪಟ್ಟಿ ಕೊಡುವ ಬದಲು ಇಡ್ಲಿ ಕೊಡಿ: ಅಕ್ಕಿ ಉದ್ದು ನೆನೆಯುವುದು, ರುಬ್ಬುವುದು, ಹಿಟ್ಟು ಹುಳಿ ಬಂದು ಉಬ್ಬುವುದು, ಹಬೆಯಲ್ಲಿ ಬೇಯುವುದು. ಪ್ರತಿಯೊಂದು ಹಂತದಲ್ಲೂ ಹೊಸ ವಸ್ತು ಆಯಿತೇ, ಹೇಗೆ ಗೊತ್ತು ಎಂದು ಬರೆಯಲಿ. ರುಬ್ಬುವವರೆಗೆ ಎಲ್ಲರೂ ಒಪ್ಪುತ್ತಾರೆ, ಹುಳಿ ಬರುವುದಕ್ಕೂ ಹೆಚ್ಚು ತಕರಾರಿಲ್ಲ. ಬೇಯುವುದಕ್ಕೆ ಬಂದಾಗ ತರಗತಿ ಎರಡು ಪಂಗಡವಾಗುತ್ತದೆ. ಆ ಜಗಳಕ್ಕೆ ಕಡೆಯ ಹತ್ತು ನಿಮಿಷ ಉಳಿಸಿಕೊಂಡಿರಿ.