ತಂತಿ ಕಟ್ಟುವ ಮೊದಲು ಕೀಲು ನೋಡಿ

ಹಲ್ಲಿಗೆ ಕ್ಲಿಪ್ ಹಾಕಿಸಲು ಬರುವವರಲ್ಲಿ ಕೆಲವರಿಗೆ ಬಾಯಿ ತೆರೆದಾಗ ಕಿವಿಯ ಮುಂದೆ ‘ಟಕ್’ ಅನ್ನುತ್ತದೆ. ಕೆಲವರಿಗೆ ಎರಡು ಚಪಾತಿ ತಿನ್ನುವಷ್ಟರಲ್ಲಿ ದವಡೆ ಸೋಲುತ್ತದೆ. ಇಂಥವರ ದವಡೆ ಕೀಲಿನ ಮೂಳೆ ನೋಡದೆ ನಾನು ತಂತಿ ಮುಟ್ಟುವುದಿಲ್ಲ. ಇಡೀ ದವಡೆಯನ್ನು ಒಂದೇ ಚಿತ್ರದಲ್ಲಿ ತೋರಿಸುವ ಎಕ್ಸ್-ರೇ ಓಪಿಜಿಯಲ್ಲಿ ಎರಡೂ ಕೀಲು ಕಾಣುತ್ತವೆ ನಿಜ, ಆದರೆ ಸಣ್ಣ ಸವೆತ ಅದರಲ್ಲಿ ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ. ಅನುಮಾನ ಬಂದರೆ ಸಿಬಿಸಿಟಿ, ಅಂದರೆ ದವಡೆಯ 3ಡಿ ಎಕ್ಸ್-ರೇ ಸ್ಕ್ಯಾನ್, ಬರೆಯುತ್ತೇನೆ.

ಚೀಟಿಯಲ್ಲಿ ಒಂದು ಸಾಲು ತಪ್ಪದೆ ಸೇರಿಸುತ್ತೇನೆ: ‘ಹಿಂದಿನ ಹಲ್ಲು ಪೂರ್ತಿ ಕಚ್ಚಿಸಿ ತೆಗೆಯಿರಿ.’ ಮುಂದಿನ ಹಲ್ಲಿನಲ್ಲಿ ಯಂತ್ರದ ಕಡ್ಡಿ ಕಚ್ಚಿದರೆ ಕೆಳದವಡೆ ಮುಂದೆ ಜಾರುತ್ತದೆ, ಕಾಂಡೈಲ್, ಅಂದರೆ ಕೀಲಿನಲ್ಲಿ ಕೂರುವ ಕೆಳದವಡೆಯ ಗುಂಡನೆ ತುದಿ, ಕೂಡ ಗುಳಿಯೊಳಗೆ ತನ್ನ ಜಾಗ ಬಿಟ್ಟು ನಿಲ್ಲುತ್ತದೆ. ಆಮೇಲೆ ಎಷ್ಟು ಅಳೆದರೂ ಪ್ರಯೋಜನವಿಲ್ಲ.

ಸಾಫ್ಟ್‌ವೇರ್ ತೆರೆದ ಕೂಡಲೇ ಅಳತೆಗೆ ಇಳಿಯುವುದಿಲ್ಲ. ಕಾಂಡೈಲ್ ಅಡ್ಡಕ್ಕೆ ಸುಮಾರು 15ರಿಂದ 20 ಮಿ.ಮೀ., ಹಿಂದೆ-ಮುಂದೆ 8ರಿಂದ 10 ಮಿ.ಮೀ. ಅದು ನೇರ ಅಡ್ಡ ಕೂತಿರುವುದಿಲ್ಲ, ಒಳತುದಿ ಹಿಂದಕ್ಕೆ ವಾಲಿರುತ್ತದೆ, ಎಡ-ಬಲದ ಓರೆಯೂ ಒಂದೇ ಇರಬೇಕೆಂದಿಲ್ಲ. ಅದಕ್ಕೇ ಪ್ರತಿ ಕಾಂಡೈಲ್‌ನ ಉದ್ದಕ್ಕೂ ಬೇರೆ ಬೇರೆ ಗೆರೆ ಎಳೆದು, ಆ ಗೆರೆಗೆ ಲಂಬವಾಗಿ ಸ್ಲೈಸ್ ತೆಗೆಯುತ್ತೇನೆ. ತಲೆಯ ನೇರಕ್ಕೆ ಕತ್ತರಿಸಿದರೆ ಚೆನ್ನಾಗಿರುವ ಮೂಳೆಯೂ ಚಪ್ಪಟೆಯಾದಂತೆ ಕಂಡೀತು. ಕೀಲಿನ ಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕ್ ಮಾತ್ರ ಇದರಲ್ಲಿ ಕಾಣುವುದಿಲ್ಲ, ಅದಕ್ಕೆ ಎಂಆರ್‌ಐಯೇ ಬೇಕು.

ಆಮೇಲೆ ವಯಸ್ಸು. ಹದಿನಾರರ ಹುಡುಗಿಯೊಬ್ಬಳ ತಾಯಿ ರಿಪೋರ್ಟ್ ಹಿಡಿದು ಗಾಬರಿಯಿಂದ ಬಂದಿದ್ದರು. ‘ಮೂಳೆ ಸವೆದಿದೆ ಅಂತ ಬರೆದಿದ್ದಾರೆ ಡಾಕ್ಟ್ರೇ, ಇಷ್ಟು ಚಿಕ್ಕ ವಯಸ್ಸಿಗೇನಾ?’

‘ಸವೆದಿಲ್ಲಮ್ಮ, ಇನ್ನೂ ಕಟ್ಟಿಕೊಳ್ತಾ ಇದೆ’ ಎಂದು ಪರದೆ ತಿರುಗಿಸಿ ತೋರಿಸಿದೆ. ಕಾಂಡೈಲ್‌ನ ಮೇಲಿನ ಗಟ್ಟಿ ಬಿಳಿ ಅಂಚು ಪೂರ್ತಿಯಾಗುವುದು ಇಪ್ಪತ್ತು ದಾಟಿದ ಮೇಲೇ. ಅಲ್ಲಿಯವರೆಗೆ ಎರಡೂ ಕಡೆ ಒಂದೇ ಸಮನೆ ಮಸುಕಾಗಿದ್ದರೆ ಹೆದರುವಂಥದ್ದಿಲ್ಲ. ಒಂದು ಜಾಗದಲ್ಲಿ ಗೆರೆ ತುಂಡಾಗಿ ಕೆರೆದಂತೆ ಗುಂಡಿ ಬಿದ್ದಿದ್ದರೆ, ಮುಂದಂಚಿನಲ್ಲಿ ಕೊಕ್ಕಿನಂತೆ ಮೂಳೆ ಬೆಳೆದಿದ್ದರೆ ಅದು ಬೇರೆ ಮಾತು. ಬರೀ ಚಪ್ಪಟೆಯಾಗಿದ್ದರೆ ನಾನು ಅದನ್ನು ಕಾಯಿಲೆ ಅನ್ನುವುದಿಲ್ಲ.

ನನ್ನ ತಲೆ ಹೆಚ್ಚು ತಿನ್ನುವುದು ಓಪನ್ ಬೈಟ್, ಅಂದರೆ ಹಿಂದಿನ ಹಲ್ಲು ಕೂಡಿದರೂ ಮುಂದಿನವು ಕೂಡದಿರುವುದು. ಹಲ್ಲು ಸರಿಯಾಗಿ ಕೂಡದ್ದರಿಂದಲೇ ಕೀಲು ಕೆಟ್ಟಿತು ಎಂದು ಜನ, ನಮ್ಮವರಲ್ಲೂ ಅನೇಕರು, ತಕ್ಷಣ ಹೇಳಿಬಿಡುತ್ತಾರೆ. ನಾನು ಕಂಡ ಎಷ್ಟೋ ರೋಗಿಗಳಲ್ಲಿ ನಡೆದದ್ದು ಉಲ್ಟಾ. ಎರಡೂ ಕಾಂಡೈಲ್ ಕರಗಿ ಗಿಡ್ಡವಾದರೆ ದವಡೆಯ ಹಿಂಭಾಗ ಮೇಲೇರುತ್ತದೆ, ಕಡೆಹಲ್ಲು ಮೊದಲು ತಾಗುತ್ತವೆ, ಮುಂದೆ ಬಾಯಿ ತೆರೆದುಕೊಳ್ಳುತ್ತದೆ, ಗದ್ದ ಹಿಂದೆ ಸರಿಯುತ್ತದೆ. ಹರೆಯದ ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು.

ಯಾವುದು ಮೊದಲು ಎಂದು ತಿಳಿಯಲು ಸ್ಕ್ಯಾನ್ ಬಿಟ್ಟು ಬಾಯಿಗೆ ಟಾರ್ಚ್ ಹಿಡಿಯುತ್ತೇನೆ. ಹೊಸದಾಗಿ ಹುಟ್ಟಿದ ಬಾಚಿಹಲ್ಲಿನ ತುದಿಯಲ್ಲಿ ಮೂರು ಸಣ್ಣ ಉಬ್ಬುಗಳಿರುತ್ತವೆ, ಎದುರಿನ ಹಲ್ಲಿಗೆ ತಾಗಿ ತಾಗಿ ಸವೆಯುತ್ತವೆ. ಮೂವತ್ತರಲ್ಲೂ ಅವು ಹಾಗೇ ಇದ್ದರೆ ಆ ಹಲ್ಲುಗಳು ಎಂದೂ ಕೂಡಿಲ್ಲ. ತುದಿ ಸವೆದು ನಯವಾಗಿದ್ದು ಈಗ ಮಧ್ಯೆ ಸಂದು ಇದ್ದರೆ, ಹಿಂದೆ ಕೂಡುತ್ತಿದ್ದವು ಎಂದೇ ಅರ್ಥ. ಜೊತೆಗೆ ಮದುವೆ ಆಲ್ಬಮ್ ತರಿಸುತ್ತೇನೆ. ನಗುವ ಫೋಟೊ ಒಂದು ಸಿಕ್ಕರೂ ಸಾಕು.

ಹೀಗೆ ಹಿಂದೆ ಕೂಡುತ್ತಿದ್ದು ಈಗ ಸಂದು ಬಿಟ್ಟವರಿಗೆ ಅವಸರದಲ್ಲಿ ತಂತಿ, ರಬ್ಬರ್ ಹಾಕಿ ಸಂದು ಮುಚ್ಚಿದರೆ ಮೂಳೆ ಕರಗುತ್ತಿರುವವರೆಗೂ ಅದು ಮತ್ತೆ ಬಿಡುತ್ತದೆ. ನಾನು ಮೊದಲು ಹಲ್ಲಿನ ಮೇಲೆ ಕೂರುವ ಸ್ಪ್ಲಿಂಟ್ ಎಂಬ ಪ್ಲಾಸ್ಟಿಕ್ ಕವಚ ಕೊಡುತ್ತೇನೆ, ರುಮಟಾಯ್ಡ್ ಎಂಬ ಕೀಲುವಾತ ಇದೆಯೇ ಎಂದು ತಿಳಿಯಲು ರಕ್ತಪರೀಕ್ಷೆ ಬರೆಯುತ್ತೇನೆ, ಹಲ್ಲಿನ ಅಚ್ಚು ತೆಗೆದಿಡುತ್ತೇನೆ. ತಿಂಗಳುಗಳ ನಂತರ ಹೊಸ ಅಚ್ಚನ್ನು ಹಳೆಯದರ ಪಕ್ಕ ಇಟ್ಟು ನೋಡಿ, ಬೇಕಿದ್ದರಷ್ಟೇ ಮತ್ತೊಂದು ಸ್ಕ್ಯಾನ್. ಅಚ್ಚು ಬದಲಾಗಿರದೆ, ಅಂಚಿನ ಬಿಳಿ ಗೆರೆ ಮತ್ತೆ ಕಟ್ಟಿಕೊಂಡಿದ್ದರೆ ತಂತಿ ಶುರು. ಇಲ್ಲವಾದರೆ ದವಡೆ ಸರ್ಜನ್ ಜೊತೆ ಕೂತು ಮಾತಾಡುತ್ತೇನೆ.