ನಾಯಿ ಮತ್ತೆ ಕೆರೆಯುತ್ತಿದೆಯಾ? ಶಾಂಪೂ ಬದಲಿಸುವ ಮೊದಲು ಗಡಿಯಾರ ನೋಡಿ

ಮಳೆಗಾಲ ಶುರುವಾದರೆ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಒಂದೇ ಮಾತು. ‘ನಿಮ್ಮದಕ್ಕೂ ಶುರುವಾಯ್ತಾ?’ ಶಿಟ್ಜು, ಪಗ್, ಪಾಮ್ (ಪಾಮರೇನಿಯನ್) ಸಾಕಿದವರೆಲ್ಲ ಒಬ್ಬರ ನಾಯಿಯ ಹೊಟ್ಟೆ ಇನ್ನೊಬ್ಬರು ಎತ್ತಿ ನೋಡುತ್ತಾರೆ. ಕೆಂಪು, ಜಿಡ್ಡು, ಹಳೇ ದೋಸೆ ಹಿಟ್ಟಿನ ವಾಸನೆ.

ಹೋದ ತಿಂಗಳು ಮೂರನೇ ಮಹಡಿಯ ಆಂಟಿ ಕರೆದರು. ಡಾಕ್ಟರು ಬರೆದುಕೊಟ್ಟ ಶಾಂಪೂ ‘ಏನೂ ಕೆಲಸ ಮಾಡಲ್ಲ’ ಅಂತ ದೂರು. ಸ್ನಾನ ಹೇಗೆ ಮಾಡಿಸ್ತೀರಿ, ತೋರಿಸಿ ಅಂದೆ. ಬೆನ್ನಿನ ಮೇಲೆ ಶಾಂಪೂ ಸುರಿದರು. ನೊರೆ ಬಂತು. ನಾಲ್ಕು ಚೊಂಬು ನೀರು ಹಾಕಿದರು. ಒಟ್ಟು ಎರಡು ನಿಮಿಷವೂ ಆಗಿರಲಿಲ್ಲ. ದುಬಾರಿ ಔಷಧ ಮೋರಿ ಸೇರಿತು. ನಾಯಿ ಕೆರೆದುಕೊಳ್ಳುತ್ತಾ ಸೋಫಾ ಕೆಳಗೆ ಸೇರಿತು.

ನಗಲಿಲ್ಲ. ನಮ್ಮ ಶಿಟ್ಜು ಪುಟ್ಟಿಗೆ ನಾನೂ ಎರಡು ವರ್ಷ ಹೀಗೇ ಮಾಡಿದ್ದೆ.

ಹಂತ 1: ಎಲ್ಲಿ ಕೆರೆಯುತ್ತಿದೆ, ನೋಡಿ

ಬಾಲದ ಬುಡ ಮತ್ತು ಸೊಂಟದ ಹತ್ತಿರ ಕಚ್ಚಿಕೊಳ್ಳುತ್ತಿದ್ದರೆ ಮೊದಲ ಅನುಮಾನ ಚಿಗಟದ ಮೇಲೆ. ಪಾದ ನೆಕ್ಕುವುದು, ಕಿವಿ ಕೆರೆಯುವುದು, ಕಂಕುಳು ಮತ್ತು ಹೊಟ್ಟೆ ಕೆಂಪಾಗುವುದು ಅಲರ್ಜಿಯ ದಾರಿ. ಇಂಥ ಅಲರ್ಜಿ ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ಕಿವಿಯ ಅಂಚು, ಮೊಣಕೈ ಒಣಗಿ ಹಕ್ಕಳೆ ಕಟ್ಟಿ, ಮನೆಯವರಿಗೂ ಕಜ್ಜಿ ಎದ್ದರೆ ಅದು ಅಂಟುವ ನುಸಿ. ತುರಿಕೆ ಅಷ್ಟಿಲ್ಲದೆ ಅಲ್ಲಲ್ಲಿ ಕೂದಲು ಉದುರಿದರೆ ಡೆಮೊಡೆಕ್ಸ್ ಎಂಬ ಇನ್ನೊಂದು ನುಸಿ ಇರಬಹುದು. ಇದು ಅಂಟುವುದಿಲ್ಲ. ಹುಳುಕಡ್ಡಿ ಅಂಟುತ್ತದೆ, ಮಕ್ಕಳಿಗಂತೂ ಬೇಗ.

ಫೋನಿನಲ್ಲಿ ಫೋಟೊ ತೆಗೆದಿಡಿ. ಡಾಕ್ಟರ ಮುಂದೆ ನಿಂತಾಗ ನಾಯಿ ಕೆರೆದುಕೊಳ್ಳುವುದೇ ಇಲ್ಲ, ಒಳ್ಳೇ ಹುಡುಗನ ಹಾಗೆ ಕೂತಿರುತ್ತದೆ.

ಹಂತ 2: ಸ್ಲೈಡ್ ನೋಡಿಸಿ

ಚರ್ಮಕ್ಕೆ ಸೆಲ್ಲೋಟೇಪ್ ಅಂಟಿಸಿ ಕಿತ್ತು, ಬಣ್ಣ ಹಾಕಿ ಮೈಕ್ರೊಸ್ಕೋಪಿನಲ್ಲಿ ನೋಡಿದರೆ ಜಿಡ್ಡು, ವಾಸನೆ ತರುವ ಯೀಸ್ಟ್ ಎಂಬ ಸೂಕ್ಷ್ಮ ಶಿಲೀಂಧ್ರವೋ ಬ್ಯಾಕ್ಟೀರಿಯಾವೋ ಅಂತ ಅಲ್ಲೇ ಗೊತ್ತಾಗುತ್ತದೆ. ನುಸಿಗೆ ಚರ್ಮ ಸ್ವಲ್ಪ ಕೆರೆದು ನೋಡುತ್ತಾರೆ. ಹೋದ ಸಲದ ಚೀಟಿಯನ್ನೇ ನೋಡಿ ಮತ್ತೆ ಅದೇ ಮಾತ್ರೆ ಬರೆದುಕೊಟ್ಟರೆ, ‘ಸರ್, ಒಮ್ಮೆ ಸ್ಲೈಡ್ ನೋಡ್ತೀರಾ?’ ಅಂತ ಕೇಳಿ. ಕೇಳಲು ನಾಚಿಕೆ ಬೇಡ. ಹತ್ತಿರದ ಕ್ಲಿನಿಕ್ಕಿನಲ್ಲಿ ಸೌಲಭ್ಯ ಇಲ್ಲದಿದ್ದರೆ ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿದೆ. ಶಿವಮೊಗ್ಗ, ಹಾಸನ, ಬೀದರ್, ಗದಗದಲ್ಲೂ ಕಾಲೇಜುಗಳಿವೆ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುವ ‘ಎಲ್ಲದಕ್ಕೂ ಒಂದೇ’ ಕ್ರೀಮ್ ಟ್ಯೂಬ್ ಇದೆಯಲ್ಲ, ಅದನ್ನು ದಯವಿಟ್ಟು ಹಚ್ಚಬೇಡಿ. ಅದರಲ್ಲಿ ಜೋರಾದ ಸ್ಟಿರಾಯ್ಡ್ ಇರುತ್ತದೆ. ಎರಡೇ ದಿನಕ್ಕೆ ಕೆಂಪು ಇಳಿಯುತ್ತದೆ, ಅದಕ್ಕೇ ಎಲ್ಲರಿಗೂ ಇಷ್ಟ. ಆದರೆ ಹಚ್ಚುತ್ತಲೇ ಇದ್ದರೆ ಚರ್ಮ ತೆಳ್ಳಗಾಗುತ್ತದೆ, ಡೆಮೊಡೆಕ್ಸ್ ಇದ್ದರೆ ಇನ್ನೂ ಹರಡುತ್ತದೆ. ಸಾಲದ್ದಕ್ಕೆ ನಾಯಿ ಅದನ್ನು ನೆಕ್ಕುತ್ತದೆ. ಐದು ಕಿಲೋ ತೂಕದ ಪ್ರಾಣಿ ಅದು, ನೆನಪಿರಲಿ.

ಕರ್ಪೂರ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯದೂ ಅದೇ ಕಥೆ. ನಮ್ಮ ತಲೆಗೆ ಸರಿ, ನಾಯಿಗೆ ಕರ್ಪೂರ ವಿಷ. ಚರ್ಮದ ಮೂಲಕವೂ ಒಳಗೆ ಹೋಗುತ್ತದೆ, ಫಿಟ್ಸ್ ಬರಬಹುದು. ಟೀ ಟ್ರೀ ಎಣ್ಣೆಯೂ ಬೇಡ. ಸೀಮೆಎಣ್ಣೆ, ಗಾಡಿಯ ಹಳೇ ಆಯಿಲ್ ಹಚ್ಚುವವರು ಈಗಲೂ ಇದ್ದಾರೆ. ಅವರ ಜೊತೆ ವಾದ ಮಾಡುವ ತಾಳ್ಮೆ ನನಗಿಲ್ಲ.

ಹಂತ 3: ಚಿಗಟ ಇಲ್ಲ ಅಂತ ನಂಬಬೇಡಿ

‘ನಮ್ಮದು ಮನೆ ಒಳಗಿನ ನಾಯಿ, ಚಿಗಟ ಎಲ್ಲಿಂದ?’ ಎಂದು ಎಲ್ಲರೂ ಕೇಳುತ್ತಾರೆ. ಬಾಚಣಿಗೆಗೆ ಸಿಕ್ಕ ಕಪ್ಪು ಪುಡಿಯನ್ನು ಒದ್ದೆ ಟಿಶ್ಯೂ ಮೇಲೆ ಹಾಕಿ. ಸುತ್ತ ಕೆಂಗಂದು ಬಣ್ಣ ಹರಡಿದರೆ ಅದು ಮಣ್ಣಲ್ಲ, ಚಿಗಟದ ಹಿಕ್ಕೆ. ಅದರಲ್ಲಿರುವುದು ನಿಮ್ಮ ನಾಯಿಯದೇ ರಕ್ತ.

ದೊಡ್ಡ ಚಿಗಟಗಳಷ್ಟೇ ನಾಯಿಯ ಮೈಮೇಲೆ ಇರುತ್ತವೆ. ಮೊಟ್ಟೆ, ಮರಿ, ಗೂಡು ಎಲ್ಲ ಹಾಸಿಗೆಯಲ್ಲಿ, ಸೋಫಾ ಸಂದಿನಲ್ಲಿ, ಕಾಲೊರಸಿನ ಕೆಳಗೆ. ಹಾಸಿಗೆ ಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿ ನೀರಿನಲ್ಲಿ ಒಗೆಯಿರಿ, ಸೋಫಾ ಸರಿಸಿ ಗುಡಿಸಿ. ನಾಯಿಗೆ ಮಾತ್ರೆ ಕೊಡುವುದೇ ನನಗೆ ಇಷ್ಟ. ಅಫೊಕ್ಸೊಲನರ್ ಒಂದು ತಿಂಗಳು, ಫ್ಲೂರಲನರ್ ಮೂರು ತಿಂಗಳ ಹತ್ತಿರ ಕೆಲಸ ಮಾಡುತ್ತವೆ. ಕತ್ತಿನ ಮೇಲೆ ಬಿಡುವ ಹನಿ ಔಷಧವಾದರೆ ಹಿಂದೆ ಮುಂದೆ ಎರಡು ದಿನ ಸ್ನಾನ ಮಾಡಿಸುವ ಹಾಗಿಲ್ಲ. ವಾರಕ್ಕೆ ಎರಡು ಸ್ನಾನ ಬೇಕಾದ ನಾಯಿಗೆ ಅದು ಹೇಗೆ ಹೊಂದುತ್ತೆ, ಹೇಳಿ? ಆದರೆ ಫಿಟ್ಸ್ ಬರುವ ನಾಯಿಗೆ ಈ ಮಾತ್ರೆಗಳನ್ನು ಡಾಕ್ಟರನ್ನು ಕೇಳದೆ ಕೊಡಬೇಡಿ.

ಹಂತ 4: ಸ್ನಾನ

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ಯೀಸ್ಟಿಗೆ ಸಾಮಾನ್ಯವಾಗಿ ಬರೆದುಕೊಡುವ ಶಾಂಪೂವಿನಲ್ಲಿ ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ 2ರಿಂದ 4 ಪರ್ಸೆಂಟ್ ಇರುತ್ತದೆ. ಜೊತೆಗೆ ಮೈಕೊನಜೋಲ್ ಅಥವಾ ಕೀಟೊಕೊನಜೋಲ್ ಇರುತ್ತದೆ. ಬಾಟಲಿಯ ಮುಂದೆ ಬೇವಿನೆಲೆ ಚಿತ್ರ ಇದೆಯಾ ಅಂತಲ್ಲ, ಹಿಂದೆ ಈ ಹೆಸರುಗಳಿವೆಯಾ ಅಂತ ನೋಡಿ. ನಮ್ಮ ಶಾಂಪೂ, ಮಗುವಿನ ಶಾಂಪೂ ಎರಡೂ ಬೇಡ. ನಮ್ಮ ಚರ್ಮ ಸ್ವಲ್ಪ ಆಮ್ಲದ ಕಡೆಗೆ, ನಾಯಿಯದು ಹಾಗಲ್ಲ.

ಮೊದಲು ಕೂದಲು. ಶಿಟ್ಜು ಆದರೆ ಹೊಟ್ಟೆ, ಕಂಕುಳು, ಪಾದದ ಅಡಿಯ ಕೂದಲನ್ನು ಟ್ರಿಮ್ಮರಿನಲ್ಲಿ ಗಿಡ್ಡ ಮಾಡಿ. ಜಡೆಗಟ್ಟಿದ ಕೂದಲಿನ ಕೆಳಗೆ ಯಾವ ಔಷಧವೂ ಇಳಿಯುವುದಿಲ್ಲ. ಪಾಮ್ ಸಾಕಿದವರು ಮಾತ್ರ ಬೋಳಿಸಬೇಡಿ. ಬೋಳಿಸಿದ ಜಾಗದಲ್ಲಿ ಕೂದಲು ಬರಲು ತಿಂಗಳುಗಟ್ಟಲೆ ಹಿಡಿಯಬಹುದು, ಕೆಲವಕ್ಕೆ ಸರಿಯಾಗಿ ಬರುವುದೇ ಇಲ್ಲ. ಚೆನ್ನಾಗಿ ಬಾಚಿದರೆ ಸಾಕು.

ಟಬ್ಬಿನ ತಳಕ್ಕೆ ಹಳೇ ಟವೆಲ್ ಹಾಸಿ. ನಾಯಿ ಗಲಾಟೆ ಮಾಡುವುದು ನೀರಿಗೆ ಹೆದರಿ ಮಾತ್ರವಲ್ಲ, ಕಾಲು ಜಾರುತ್ತದೆ ಅಂತಲೂ ಹೌದು. ಕಿವಿಯಲ್ಲಿ ಹತ್ತಿ ಉಂಡೆ ಸಡಿಲವಾಗಿ ಇಡಿ. ಕ್ಲೋರ್‌ಹೆಕ್ಸಿಡಿನ್ ಕಣ್ಣಿಗೂ ಒಳಗಿವಿಗೂ ಕೆಟ್ಟದ್ದು. ಮುಖಕ್ಕೆ ಶಾಂಪೂ ಬೇಡವೇ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ.

ನೀರು ಉಗುರು ಬೆಚ್ಚಗೆ, ಅದಕ್ಕಿಂತ ಬಿಸಿ ಬೇಡ. ಬಿಸಿಗೆ ತುರಿಕೆ ಜಾಸ್ತಿಯಾಗುತ್ತದೆ. ಚರ್ಮದವರೆಗೆ ನೆನೆಯಬೇಕು. ಶಿಟ್ಜು ಕೂದಲಿನ ಮೇಲೆ ನೀರು ಹರಿದು ಹೋಗುತ್ತದೆ, ಒಳಗೆ ಬೆರಳಿಟ್ಟು ನೋಡಿದರೆ ಒಣ ಒಣ! ಎರಡು ಮೂರು ನಿಮಿಷ ಕೂದಲು ಬಿಡಿಸಿ ಬಿಡಿಸಿ ನೆನೆಸಿ.

ಮೈ ತುಂಬ ಜಿಡ್ಡಿದ್ದರೆ ಮೊದಲು ನಾಯಿಯ ಮಾಮೂಲಿ ಶಾಂಪೂವಿನಲ್ಲಿ ಒಮ್ಮೆ ತೊಳೆಯಿರಿ. ಆಮೇಲೆ ಅದನ್ನು ಪೂರ್ತಿ ತೆಗೆಯಿರಿ. ಸೋಪಿನ ಅಂಶ ಉಳಿದರೆ ಕ್ಲೋರ್‌ಹೆಕ್ಸಿಡಿನ್ ಕೆಲಸ ಕೆಡುತ್ತದೆ. ಎರಡು ಶಾಂಪೂ ಬೆರೆಸಿ ಒಟ್ಟಿಗೇ ಹಾಕುವ ಜಾಣತನ ಮಾಡುವವರಿಗೆ ಇದು ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲ.

ಈಗ ಔಷಧದ ಶಾಂಪೂ. ಬೆನ್ನಿನಿಂದ ಶುರು ಮಾಡಬೇಡಿ. ಕಂಕುಳು, ಹೊಟ್ಟೆ, ತೊಡೆ ಸಂದು, ಬೆರಳ ಸಂದು, ಬಾಲದ ಬುಡ, ಹೀಗೆ ಎಲ್ಲಿ ಕೆಟ್ಟಿದೆಯೋ ಅಲ್ಲಿಂದ ಶುರು ಮಾಡಿ. ಬೆರಳ ತುದಿಯಿಂದ ಚರ್ಮಕ್ಕೆ ಸೇರಿಸಿ, ಉಗುರು ತಾಗಿಸಬೇಡಿ. ಬೆನ್ನಿಗೆ ಕೊನೆಗೆ ಉಳಿದ ನೊರೆ ಸಾಕು.

ಎಲ್ಲ ಕಡೆ ಹಚ್ಚಿ ಮುಗಿದ ಮೇಲೆ ಫೋನಿನಲ್ಲಿ ಟೈಮರ್ ಇಡಿ. ಹತ್ತು ನಿಮಿಷ. ಹಚ್ಚಲು ಶುರು ಮಾಡಿದಾಗಿನಿಂದ ಅಲ್ಲ, ಮುಗಿದ ಮೇಲಿಂದ. ಅಂದಾಜಿನಲ್ಲಿ ಬೇಡ. ಒದ್ದೆ ನಾಯಿ ಹಿಡಿದು ಬಚ್ಚಲಲ್ಲಿ ಮಣೆ ಮೇಲೆ ಕೂತವರಿಗೆ ಮೂರು ನಿಮಿಷವೇ ಹತ್ತು ಅನ್ನಿಸುತ್ತದೆ, ನಾನು ಅಳೆದು ನೋಡಿದ್ದೇನೆ. ಈ ಔಷಧಕ್ಕೆ ಯೀಸ್ಟ್ ಸಾಯಿಸಲು ಅಷ್ಟು ಹೊತ್ತು ಚರ್ಮದ ಮೇಲೆ ಇರಬೇಕು. ಮೊದಲೇ ತೊಳೆದರೆ ನೀವು ಹಾಕಿದ್ದು ವಾಸನೆ ನೀರು, ಅಷ್ಟೇ.

ಹತ್ತು ನಿಮಿಷ ಹಿಡಿದಿಡುವುದು ಹೇಗೆ? ಬೇಯಿಸಿ ಮಸೆದ ಸಿಹಿಗುಂಬಳವನ್ನು ಸ್ಟೀಲ್ ತಟ್ಟೆಗೆ ತೆಳ್ಳಗೆ ಸವರಿ ಮುಂದಿಡಿ. ಪುಟ್ಟಿ ಅದನ್ನು ನೆಕ್ಕಿ ಮುಗಿಸಲು ಆರು ನಿಮಿಷ ತಗೊಳ್ಳುತ್ತಾಳೆ. ಉಳಿದ ನಾಲ್ಕು ನಿಮಿಷ ಪಾದ ಒತ್ತುತ್ತೇನೆ. ನೊರೆ ನೆಕ್ಕಲು ಬಿಡಬೇಡಿ. ಚಳಿಗೆ ನಡುಗಿದರೆ ಬಾಗಿಲು ಹಾಕಿ, ಸ್ವಲ್ಪ ಬೆಚ್ಚಗಿನ ನೀರು ಕಾಲ ಬುಡಕ್ಕೆ ಬಿಡಿ, ಮೈಮೇಲೆ ಅಲ್ಲ.

ತೊಳೆಯುವುದು ಹಚ್ಚಿದ್ದಕ್ಕಿಂತ ಹೆಚ್ಚು ಹೊತ್ತು. ಕಂಕುಳಲ್ಲಿ, ಬೆರಳ ಸಂದಲ್ಲಿ ಶಾಂಪೂ ಉಳಿದರೆ ಅದೇ ಹೊಸ ತುರಿಕೆ.

ಒಣಗಿಸುವುದು ಅರ್ಧ ಚಿಕಿತ್ಸೆ. ಒದ್ದೆ ಶಿಟ್ಜುವನ್ನು ‘ತಾನೇ ಒಣಗುತ್ತೆ’ ಅಂತ ಬಿಟ್ಟರೆ ಯೀಸ್ಟಿಗೆ ನೀವೇ ಹಬ್ಬದೂಟ ಬಡಿಸಿದ ಹಾಗೆ. ಎರಡು ಟವೆಲ್ ಬೇಕು. ಉಜ್ಜಬೇಡಿ, ಒತ್ತಿ ಒತ್ತಿ ನೀರು ಹೀರಿಸಿ. ಆಮೇಲೆ ಡ್ರೈಯರ್, ತಣ್ಣಗಿನ ಗಾಳಿಯಲ್ಲಿ. ಬೆರಳ ಸಂದನ್ನು ಒಂದೊಂದಾಗಿ ಬಿಡಿಸಿ ಒರೆಸಿ. ಪಗ್ ಆದರೆ ಮೂಗಿನ ಮೇಲಿನ ಮಡಿಕೆ, ಬಾಲದ ಸುರುಳಿಯ ಕೆಳಗಿನ ಗುಂಡಿ. ನಮ್ಮ ಅಕ್ಕ ಮಂಗಳೂರಲ್ಲಿ ಪಗ್ ಸಾಕಿದ್ದಾಳೆ. ಅಲ್ಲಿ ಜುಲೈನಲ್ಲಿ ಟವೆಲ್ಲೇ ಒಣಗಲ್ಲ, ನಾಯಿ ಎಲ್ಲಿ ಒಣಗೀತು? ಅವಳಿಗೆ ಡ್ರೈಯರ್ ಬಿಟ್ಟರೆ ಗತಿಯಿಲ್ಲ. ಪೌಡರ್ ಹಾಕಿದರೆ ಒಣಗುತ್ತೆ ಅನ್ನುತ್ತಾರೆ. ಮಡಿಕೆಯೊಳಗೆ ಅದು ಮುದ್ದೆ ಕಟ್ಟುತ್ತದೆ, ಬೇಡ.

ಕಿವಿಯ ಹತ್ತಿ ತೆಗೆಯಿರಿ. ಒಮ್ಮೆ ಮರೆತು, ಮೂರು ದಿನ ಬಿಟ್ಟು ವಾಸನೆ ಬಂದಾಗ ತೆಗೆದವಳು ನಾನು.

ಹೀಗೆ ವಾರಕ್ಕೆ ಎರಡು ಸಲ, ಮೂರರಿಂದ ನಾಲ್ಕು ವಾರ. ಆಮೇಲೆ ಡಾಕ್ಟರು ಹೇಳಿದಂತೆ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ. ಗ್ರೂಮಿಂಗ್ ಅಂಗಡಿಗೆ ಕಳಿಸುವವರು ಹತ್ತು ನಿಮಿಷದ ಮಾತನ್ನು ಬಾಯಿಬಿಟ್ಟು ಹೇಳಿ. ಹೇಳಿದ ಮೇಲೂ ಗಾಜಿನ ಆಚೆ ನಿಂತು ನೋಡಿ.

ಹಂತ 5: ತಟ್ಟೆ

ಸ್ನಾನ ಸರಿಯಾದ ಮೇಲೂ, ಚಿಗಟ ಹೋದ ಮೇಲೂ ವರ್ಷವಿಡೀ ತುರಿಕೆ ಇದ್ದರೆ ಆಗ ಊಟದ ಅಲರ್ಜಿ ಯೋಚಿಸಿ. ನಾಯಿಗಳಲ್ಲಿ ಹೆಚ್ಚಾಗಿ ಕಾಣುವುದು ಗೋಮಾಂಸ, ಹಾಲು, ಕೋಳಿ, ಗೋಧಿಯ ಅಲರ್ಜಿ. ಅಂದರೆ ನಮ್ಮ ಮನೆಗಳ ಮೊಸರನ್ನ, ಚಪಾತಿ, ಚಿಕನ್ ಕಿಬಲ್ (ಪ್ಯಾಕೆಟ್ಟಿನ ಒಣ ಆಹಾರ) ಎಲ್ಲ ಅನುಮಾನದ ಪಟ್ಟಿಯಲ್ಲಿ. ಡಾಕ್ಟರು ಹೇಳಿದ ಒಂದೇ ಆಹಾರವನ್ನು ಎಂಟು ವಾರ ಕೊಡಬೇಕು. ಬೇರೆ ಏನೂ ಇಲ್ಲ. ಕುಂಬಳದ ತಟ್ಟೆಯೂ ಡಾಕ್ಟರನ್ನು ಕೇಳಿಯೇ. ಅಜ್ಜಿ ಸಂಜೆ ಕಾಫಿ ಜೊತೆ ಕೊಡುವ ಒಂದು ತುಂಡು ರಸ್ಕ್ ಐದು ವಾರದ ಶ್ರಮವನ್ನು ಹಾಳು ಮಾಡುತ್ತದೆ. ನಮ್ಮತ್ತೆಯನ್ನು ಒಪ್ಪಿಸುವುದು ಪುಟ್ಟಿಯನ್ನು ಒಪ್ಪಿಸುವುದಕ್ಕಿಂತ ಕಷ್ಟವಾಯಿತು.

ಹಂತ 6: ಕ್ಯಾಲೆಂಡರ್

ಸ್ನಾನ, ಮಾತ್ರೆ, ತುರಿಕೆ ಶುರುವಾದ ದಿನ, ಇಷ್ಟನ್ನು ಗೋಡೆ ಕ್ಯಾಲೆಂಡರಿನಲ್ಲಿ ಬರೆಯಿರಿ. ಆಂಟಿಬಯೋಟಿಕ್ ಅಥವಾ ಸ್ಟಿರಾಯ್ಡ್ ಮಾತ್ರೆಯನ್ನು ‘ವಾಸಿಯಾಯ್ತಲ್ಲ’ ಅಂತ ನಡುವೆ ಬಿಡಬೇಡಿ. ರಾತ್ರೋರಾತ್ರಿ ಅಂಗೈ ಅಗಲ ಒದ್ದೆ ಹುಣ್ಣಾದರೆ, ಕೀವು ಬಂದರೆ, ನಾಯಿ ಊಟ ಬಿಟ್ಟರೆ ಸ್ನಾನ ಗೀನ ಬಿಟ್ಟು ನೇರ ಡಾಕ್ಟರ ಹತ್ತಿರ ಹೋಗಿ.

ಪುಟ್ಟಿಯ ಮೂರು ವರ್ಷದ ಕ್ಯಾಲೆಂಡರ್ ಪಕ್ಕಪಕ್ಕ ಇಟ್ಟು ನೋಡಿದೆ. ಪ್ರತಿ ಸಲ ಜೂನ್ ಮೂರನೇ ವಾರಕ್ಕೆ ಶುರು. ಈಗ ಮೇ ಕೊನೆಗೇ ಹೊಟ್ಟೆಯ ಕೂದಲು ಗಿಡ್ಡ ಮಾಡಿ ವಾರದ ಸ್ನಾನ ಆರಂಭಿಸುತ್ತೇನೆ. ಮೂರನೇ ಮಹಡಿಯ ಆಂಟಿಗೂ ಆಗಲೇ ಒಂದು ಫೋನ್ ಮಾಡಬೇಕು.