ತುಕ್ಕು ಹಿಡಿದ ಬ್ರೇಕ್ ಡ್ರಮ್ ಸ್ಕ್ರೂ ಬಿಚ್ಚುವುದು ಹೇಗೆ?

ಕೊಡಗಿನ ಮಳೆಗಾಲ ಕಳೆದ ಹಳೆ ಮಿನಿ ಲಾರಿಯ ಚಕ್ರ ಬಿಚ್ಚಿದರೆ ಮೊದಲು ಕೆಂಪು ಮಣ್ಣು, ಅದರಡಿ ಕೆಂಪು ತುಕ್ಕು. ಕಾಫಿ ಕೊಯ್ಲಿಗೆ ಮೊದಲು ಬ್ರೇಕ್ ಲೈನರ್ ಬದಲಿಸಬೇಕು. ಆದರೆ ಲೈನರ್ ಮುಚ್ಚಿರುವ ಡ್ರಮ್ ಹಿಡಿದಿರುವ ಸ್ಕ್ರೂಗಳು ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಕಬ್ಬಿಣ ತುಕ್ಕಾದರೆ ಊದಿಕೊಳ್ಳುತ್ತದೆ. ಥ್ರೆಡ್ ಸಂದಿಯಲ್ಲಿ ಅದೇ ಬೆಣೆ ಹೊಡೆದ ಹಾಗೆ ಕೂತಿರುತ್ತದೆ.

ಲಾರಿಯನ್ನು ಸಮ ನೆಲದಲ್ಲಿ ನಿಲ್ಲಿಸಿ. ತೋಟದ ಇಳಿಜಾರು ಬೇಡವೇ ಬೇಡ, ಕಾಫಿ ಕಣ ಖಾಲಿ ಇದ್ದರೆ ಅದೇ ಒಳ್ಳೆ ಜಾಗ. ಉಳಿದ ಚಕ್ರಗಳಿಗೆ ಅಡೆ ಕೊಟ್ಟು, ಜಾಕ್ ಜೊತೆ ಸ್ಟ್ಯಾಂಡೂ ಇಡಿ. ಹಿಂದಿನ ಚಕ್ರವಾದರೆ ಆಮೇಲೆ ಹ್ಯಾಂಡ್ ಬ್ರೇಕ್ ಇಳಿಸಿ.

ಈಗ ಸ್ಕ್ರೂ ತಲೆ. ಹೋದ ವರ್ಷ ನಾನು ಸುಮ್ನೆ ಸ್ಕ್ರೂಡ್ರೈವರ್ ಇಟ್ಟು ತಿರುಚಿದೆ. ಜಾರಿತು, ಕಚ್ಚು ಬೋಳಾಯಿತು, ಗೆಣ್ಣೂ ಸುಲಿಯಿತು. ಅದಕ್ಕೇ ಹೇಳುತ್ತೇನೆ, ಮೊದಲು ತಂತಿ ಬ್ರಷ್ ಹಾಕಿ. ಕಚ್ಚಿನೊಳಗಿನ ಮಣ್ಣನ್ನು ಮೊಳೆಯಿಂದ ಕೆರೆದು ತೆಗೆಯಿರಿ. ತುಕ್ಕಿನ ಸಂದಿಗೆ ಇಳಿಯುವ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು ರಾತ್ರಿಯಿಡೀ ಹಾಗೇ ಬಿಡಿ.

ಬೆಳಿಗ್ಗೆ ಸುತ್ತಿಗೆಯಿಂದ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ತನ್ನಿ. ಕಚ್ಚಿಗೆ ಬಿಗಿಯಾಗಿ ಕೂರುವ ಬಿಟ್ ಹಾಕಿ, ಬಿಚ್ಚುವ ದಿಕ್ಕಿಗೆ ಹೊಂದಿಸಿ, ನೇರವಾಗಿ ಹೊಡೆಯಿರಿ. ಪೆಟ್ಟು ಬಿದ್ದಾಗ ಬಿಟ್ ಒಳಕ್ಕೆ ಒತ್ತಿಕೊಂಡೇ ತುಸು ತಿರುಗುತ್ತದೆ, ಹಾಗಾಗಿ ಜಾರುವುದು ಕಡಿಮೆ. ಮೊದಮೊದಲು ಟಣ್ ಟಣ್ ಅನ್ನುತ್ತದೆ. ಆಮೇಲೆ ಒಂದು ಪೆಟ್ಟಿಗೆ ಮಂದವಾಗಿ ಟಪ್ ಅಂದು, ತಲೆಯ ಸುತ್ತ ಕಂದು ಪುಡಿ ಉದುರುತ್ತದೆ. ಗೆದ್ದಿರಿ! ಹಟ ಮಾಡಿದರೆ ಬಿಗಿಯುವ ದಿಕ್ಕಿಗೆ ಒಂದು ಪೆಟ್ಟು, ಮತ್ತೆ ಬಿಚ್ಚುವ ದಿಕ್ಕಿಗೆ.

ಗ್ಯಾಸ್ ಬೆಂಕಿ ಹಿಡಿಯೋಣ ಅನ್ನಿಸುತ್ತದೆ, ಅಲ್ವಾ? ಬೇಡ. ಪಕ್ಕದಲ್ಲೇ ಎಣ್ಣೆ, ಗ್ರೀಸ್, ರಬ್ಬರ್ ಕಪ್, ಬ್ರೇಕ್ ಆಯಿಲ್ ಎಲ್ಲ ಇದೆ.

ತಲೆ ಬೋಳಾಗಿದ್ದರೆ ನಡುವೆ ಪಂಚ್ ಹೊಡೆದು ತಲೆಯನ್ನಷ್ಟೇ ಡ್ರಿಲ್ ಮಾಡಿ ತೆಗೆಯಿರಿ. 8 ಮಿ.ಮೀ. ಸ್ಕ್ರೂಗೆ 8 ಮಿ.ಮೀ. ಬಿಟ್ ಸಾಕು. ಡ್ರಮ್ ಹೊರಬಂದ ಮೇಲೆ ಉಳಿದ ತುಂಡನ್ನು ವೈಸ್ ಗ್ರಿಪ್‌ನಲ್ಲಿ (ಕಚ್ಚಿ ಲಾಕ್ ಆಗುವ ಇಕ್ಕಳ) ಹಿಡಿದು ತಿರುಗಿಸಿ. ಸ್ಕ್ರೂ ಹೋದರೂ ಡ್ರಮ್ ಬರದಿದ್ದರೆ ಲೈನರ್ ಮತ್ತು ಡ್ರಮ್ ನಡುವಿನ ಸಂದು ಹೊಂದಿಸುವ ಅಡ್ಜಸ್ಟರ್ ಸಡಿಲಿಸಿ.

ಒಳಗಿನ ಧೂಳನ್ನು ಊದಬೇಡಿ. ಹಳೆ ಲೈನರ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಿ.

ಜೋಡಿಸುವಾಗ ಹೊಸ ಸ್ಕ್ರೂಗೆ ತಾಮ್ರದ ಗ್ರೀಸ್ ಸವರಿ, ಲೈನರ್‌ಗೆ ಮಾತ್ರ ತಾಗಬಾರದು. ಜಾಸ್ತಿ ಬಿಗಿಯಬೇಡಿ. ಡ್ರಮ್ಮನ್ನು ನಿಜಕ್ಕೂ ಹಿಡಿದಿಡುವುದು ಚಕ್ರದ ನಟ್‌ಗಳು. ಸಂಪಾಜೆ ಘಾಟಿ ಇಳಿಸುವ ಮುನ್ನ ಕಣದಲ್ಲೇ ನಾಲ್ಕು ಸುತ್ತು ಓಡಿಸಿ, ಬ್ರೇಕ್ ಹಿಡಿದು ನೋಡಿ.